ಹೆಸರಿನ ಋಣ

ನಮ್ಮ ಸಂಗೀತದಲ್ಲಿ ಮನೋಧರ್ಮವೆಂಬ ಮಾತೊಂದುಂಟು. ಕೃತಿಯು ವಾಗ್ಗೇಯಕಾರನದು, ಅದರ ಮೇಲೆ ಬೆಳೆಯುವ ನೆರವಲು, ಕಲ್ಪನಾಸ್ವರಗಳು ಆ ಹೊತ್ತು ವೇದಿಕೆಯ ಮೇಲೆ ಕುಳಿತವನವು. ನಾಳೆ ಅದೇ ವಿದ್ವಾಂಸರು ಅದೇ ಕೃತಿಯನ್ನು ಎತ್ತಿಕೊಂಡರೂ ಇಂದಿನ ಸ್ವರಗಳು ಮರಳಿ ಬರಲಾರವು. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಕಪ್ಪುಜನರ ನಡುವೆ ಹುಟ್ಟಿದ ಜಾಝ್ ಸಂಗೀತದ ಜೀವಾಳವೂ ಇದೇ ಆಗಿದೆ. ಅಲ್ಲಿ ಹಾಡೆಂಬುದು ಬಹುಮಟ್ಟಿಗೆ ಒಂದು ನೆಪ. ತನ್ನ ಸರದಿ ಬಂದಾಗ ವಾದಕನು ಆ ಹಾಡಿನ ಎಲುಬುಗೂಡನ್ನಷ್ಟೇ ಉಳಿಸಿಕೊಂಡು ಅದಕ್ಕೆ ಹೊಸ ರಕ್ತಮಾಂಸಗಳನ್ನು ತುಂಬುತ್ತಾನೆ. ಕೇಳುವವರು ಕಾದು ಕುಳಿತಿರುವುದೂ ಅದಕ್ಕಾಗಿಯೇ.

ಹೀಗೆ ಹುಟ್ಟಿದ್ದನ್ನು ಕಾಗದದ ಮೇಲೆ ಬರೆದಿಡಲು ಬರುವುದಿಲ್ಲ. ಬರೆದರೂ ಅದರ ಉಸಿರು ಬರಹಕ್ಕೆ ಸಿಕ್ಕುವುದಿಲ್ಲ. ಆದುದರಿಂದ ಜಾಝ್ ಸಂಗೀತದ ಗ್ರಂಥಭಂಡಾರವೆಂದರೆ ಗ್ರಾಮಫೋನ್ ತಟ್ಟೆಗಳೇ. ಚಿಕಾಗೋದಲ್ಲಿ ಒಬ್ಬನು ಊದಿದ್ದನ್ನು ಪ್ಯಾರಿಸ್ಸಿನಲ್ಲಿ, ಮುಂಬಯಿಯಲ್ಲಿ ಮತ್ತೊಬ್ಬನು ಕಲಿತದ್ದು ತಟ್ಟೆಯನ್ನು ಗುರುವಾಗಿಟ್ಟುಕೊಂಡು. ಆದರೆ ಆ ಗುರುವಿಗೊಬ್ಬ ಯಜಮಾನನಿದ್ದನು. ಆ ಯಜಮಾನನ ಬಳಿ ಲೆಕ್ಕದ ಪುಸ್ತಕವಿತ್ತು. ಆ ಪುಸ್ತಕದಲ್ಲಿ ಯಾರ ಹೆಸರು ಬರೆಯಲ್ಪಟ್ಟಿತು, ಯಾರದು ಬಿಟ್ಟುಹೋಯಿತು ಎಂಬುದೇ ಈ ಲೇಖನದ ವಿಷಯ. 1960ರ ದಶಕದಲ್ಲಿ ಮುಂಬಯಿಯ ಕೋಟೆ ವಿಭಾಗದ ರೆಕಾರ್ಡು ಅಂಗಡಿಯೊಂದರಲ್ಲಿ ನಾನು ಆರು ವರ್ಷ ಗುಮಾಸ್ತನಾಗಿದ್ದೆ. ಅಂದು ಗಲ್ಲೆಯ ಈಚೆಯಿಂದ ಕಂಡದ್ದನ್ನೂ, ಬಳಿಕ ಆ ವ್ಯಾಪಾರದ ಒಳಗಿನವರು ಬರೆದ ನೆನಪುಗಳಲ್ಲಿ ಓದಿದ್ದನ್ನೂ ಇಲ್ಲಿ ಕೂಡಿಸಿ ಹೇಳುತ್ತೇನೆ.

ಮೊದಲು ಆ ತಟ್ಟೆಯ ವಿಚಾರ. ಅರಗಿನ ಮನೆಯ ಕಥೆಯನ್ನು ಅರಿಯದ ಕನ್ನಡಿಗರಿಲ್ಲ. ಛೋಟಾ ನಾಗಪುರದ ಕಾಡುಗಳಲ್ಲಿ ಮುತ್ತುಗ, ಬೋರೆ ಮುಂತಾದ ಮರಗಳ ಕೊಂಬೆಗಳ ಮೇಲೆ ಒಂದು ಬಗೆಯ ಸಣ್ಣ ಕೀಟವು ಸ್ರವಿಸುವ ಆ ಅರಗೇ ಹಡಗು ಹತ್ತಿ ಅಮೆರಿಕಕ್ಕೆ ಹೋಗುತ್ತಿತ್ತು. ಕಲ್ಲಿನ ಪುಡಿ, ಹತ್ತಿಯ ನಾರು, ಕಾಡಿಗೆಗಳೊಡನೆ ಅದನ್ನು ಬೆರೆಸಿ, ಕಾಯಿಸಿ, ಒತ್ತಿದಾಗ ನಿಮಿಷಕ್ಕೆ 78 ಸುತ್ತು ತಿರುಗುವ ಕರಿಯ ತಟ್ಟೆಯಾಗುತ್ತಿತ್ತು. ಹತ್ತಂಗುಲದ ತಟ್ಟೆಯ ಒಂದು ಮುಖದಲ್ಲಿ ಹಿಡಿಯುವುದು ಸುಮಾರು ಮೂರು ನಿಮಿಷದ ಸಂಗೀತ. ರಾತ್ರಿಯೆಲ್ಲ ಬೆಳೆಯಬಲ್ಲ ಮನೋಧರ್ಮವನ್ನು ಆ ಮೂರು ನಿಮಿಷಕ್ಕೆ ಅಳವಡಿಸುವ ಕಲೆಯನ್ನು ಜಾಝ್ ವಾದಕರು ಕಲಿಯಬೇಕಾಯಿತು. ನಮ್ಮ ಹಿಂದಿನ ಸಂಗೀತ ವಿದ್ವಾಂಸರಿಗೂ ಇದೇ ಪಾಡು ಬಂದಿತ್ತೆಂಬುದನ್ನು ಹಳೆಯ ತಟ್ಟೆಗಳನ್ನು ಕೇಳಿದವರು ಬಲ್ಲರು.

ಜಾಝ್ ಎಂಬ ಹೆಸರನ್ನು ಹೊತ್ತ ಮೊದಲ ತಟ್ಟೆ 1917ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನಲ್ಲಿ ಮುದ್ರಿತವಾಯಿತು. ನುಡಿಸಿದವರು ಬಿಳಿಯರ ತಂಡದವರು. ಸಂಗೀತವನ್ನು ಹುಟ್ಟಿಸಿದವರು ಒಬ್ಬರು, ತಟ್ಟೆಯ ಮೇಲೆ ಮೊದಲು ಬಂದವರು ಇನ್ನೊಬ್ಬರು, ಆರಂಭವೇ ಹೀಗಾಯಿತು. ಕಿಂಗ್ ಆಲಿವರ್ ಅವರ ಕಪ್ಪುಜನರ ತಂಡ ಇಂಡಿಯಾನಾ ಸಂಸ್ಥಾನದ ರಿಚ್ಮಂಡ್ ಎಂಬ ಊರಿನ ಜೆನ್ನೆಟ್ ಕಂಪನಿಯ ಬಾಗಿಲಿಗೆ ಬಂದದ್ದು 1923ರ ಏಪ್ರಿಲ್‌ನಲ್ಲಿ. ಅದು ಪಿಯಾನೊ ಕಾರ್ಖಾನೆಯೊಂದರ ಅಂಗಸಂಸ್ಥೆ. ಪಕ್ಕದಲ್ಲಿಯೇ ರೈಲುಹಳಿ, ಗಾಡಿ ಬಂದಾಗಲೆಲ್ಲ ಮುದ್ರಣ ನಿಲ್ಲಿಸಬೇಕು. ಆಗಿನ್ನೂ ಮೈಕ್ ಬಂದಿರಲಿಲ್ಲ. ಗೋಡೆಯಿಂದ ಚಾಚಿದ ದೊಡ್ಡ ಕಹಳೆಯೊಂದರ ಮುಂದೆ ಎಲ್ಲರೂ ಗುಂಪಾಗಿ ನಿಂತು ನುಡಿಸಬೇಕು. ತಂಡದ ಎರಡನೆಯ ಕಾರ್ನೆಟ್ ವಾದಕರ ನಾದವು ಉಳಿದವರನ್ನೆಲ್ಲ ಮುಳುಗಿಸಿಬಿಡುತ್ತಿದ್ದುದರಿಂದ ಅವರನ್ನು ಹಲವು ಅಡಿ ಹಿಂದೆ ನಿಲ್ಲಿಸಿದರಂತೆ. ಆ ಇಪ್ಪತ್ತೊಂದರ ತರುಣರೇ ಲೂಯಿ ಆರ್ಮ್‌ಸ್ಟ್ರಾಂಗ್. ಹೀಗೆ ದೂರ ನಿಂತದ್ದಕ್ಕೆ ಅವರು ಮುಖ ಸಣ್ಣದು ಮಾಡಿಕೊಂಡಿದ್ದರೆಂದು ತಂಡದ ಪಿಯಾನೊ ವಾದಕಿಯೂ ಮುಂದೆ ಅವರ ಪತ್ನಿಯೂ ಆದ ಲಿಲ್ ಹಾರ್ಡಿನ್ ನೆನೆದಿದ್ದಾರೆ.

ಆರ್ಮ್‌ಸ್ಟ್ರಾಂಗರ ಹೆಸರು ಲೋಕವಿಖ್ಯಾತವಾಯಿತು. ಗುರುಗಳಾದ ಆಲಿವರರ ಗತಿ ಬೇರೆ. ಹಲ್ಲು, ವಸಡು ಕೆಟ್ಟು ಊದಲಾರದೆ, ಸವಾನಾ ನಗರದ ಬಿಲಿಯರ್ಡ್ಸ್ ಆಟದ ಮನೆಯೊಂದರಲ್ಲಿ ಜಾಡಮಾಲಿಯಾಗಿ ದುಡಿದು ಅವರು 1938ರಲ್ಲಿ ತೀರಿಕೊಂಡರು. ಅದೇ ವೇಳೆಗೆ ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿಯೂ ರಸಿಕರು ಅವರ ಹಳೆಯ ತಟ್ಟೆಗಳನ್ನು ರತ್ನಗಳಂತೆ ಹುಡುಕುತ್ತಿದ್ದರು. ಆ ಹುಡುಕಾಟದ ಬೆಲೆಯಲ್ಲಿ ನುಡಿಸಿದವನಿಗೆ ಪಾಲಿರಲಿಲ್ಲ.

ಕಾರಣ ಸರಳ. ತಟ್ಟೆಯೊಂದಕ್ಕೆ ಎರಡು ಬಗೆಯ ಸಂಭಾವನೆಯುಂಟು. ಮುದ್ರಣದ ದಿನ ಕೈಗೆ ಬರುವ ನಿಗದಿ ಮೊತ್ತ ಒಂದು. ತಟ್ಟೆ ಮಾರಾಟವಾದಷ್ಟು ಕಾಲವೂ ಬರುತ್ತಿರುವ ರಾಯಲ್ಟಿ ಇನ್ನೊಂದು. ಮೊದಲನೆಯದು ಕೂಲಿ, ಎರಡನೆಯದು ಆಸ್ತಿ. ಕಪ್ಪುಜನರ ಸಂಗೀತಕ್ಕೆ ಆಗ ಸಾಮಾನ್ಯವಾಗಿ ಸಿಕ್ಕುತ್ತಿದ್ದುದು ಕೂಲಿ. ಬೆಸ್ಸಿ ಸ್ಮಿತ್ ಎಂಬ ಮಹಾಗಾಯಕಿ 1923ರಿಂದ ಕೊಲಂಬಿಯಾ ಕಂಪನಿಗೆ ಸುಮಾರು 160 ಹಾಡುಗಳನ್ನು ಹಾಡಿದರು. ಮೊದಲ ತಟ್ಟೆಯೇ ಲಕ್ಷಗಟ್ಟಲೆ ಮಾರಾಟವಾಯಿತು. ರಾಯಲ್ಟಿಯ ಹಕ್ಕು ಅವರಿಗಿರಲಿಲ್ಲ. 1937ರಲ್ಲಿ ಮಿಸಿಸಿಪಿಯ ಹೆದ್ದಾರಿಯಲ್ಲಿ ಕಾರಿನ ಅಪಘಾತಕ್ಕೆ ಸಿಕ್ಕಿ ಅವರು ಮಡಿದರು. ಫಿಲಡೆಲ್ಫಿಯಾ ಬಳಿಯ ಸ್ಮಶಾನದಲ್ಲಿ ಅವರ ಸಮಾಧಿಗೆ ಹೆಸರು ಕೆತ್ತಿದ ಕಲ್ಲು ಬಂದದ್ದು 1970ರಲ್ಲಿ, ಮೂವತ್ತಮೂರು ವರ್ಷಗಳ ಬಳಿಕ. ಅದರ ವೆಚ್ಚ ಕೊಟ್ಟವರಿಬ್ಬರು: ರಾಕ್ ಗಾಯಕಿ ಜ್ಯಾನಿಸ್ ಜಾಪ್ಲಿನ್ ಮತ್ತು ಬಾಲ್ಯದಲ್ಲಿ ಬೆಸ್ಸಿಯವರ ಮನೆಗೆಲಸ ಮಾಡಿದ್ದ ವಾನೀಟಾ ಗ್ರೀನ್.

ಒಳಗಿನವರ ನೆನಪುಗಳನ್ನು ಹೇಗೆ ಓದಬೇಕೆಂಬ ಪಾಠವೂ ಬೆಸ್ಸಿಯವರ ಸಾವಿನಿಂದಲೇ ದೊರೆಯುತ್ತದೆ. ಅವರ ಕೊನೆಯ ಹಾಡುಗಳನ್ನು 1933ರಲ್ಲಿ ಮುದ್ರಿಸಿದವರು, ಬಿಲ್ಲಿ ಹಾಲಿಡೇ ಮತ್ತು ಕೌಂಟ್ ಬೇಸಿಯವರನ್ನು ಜಗತ್ತಿಗೆ ತೋರಿದವರು ಜಾನ್ ಹ್ಯಾಮಂಡ್. ಗಾಯಗೊಂಡ ಬೆಸ್ಸಿಯವರನ್ನು ಬಿಳಿಯರ ಆಸ್ಪತ್ರೆ ಒಳಕ್ಕೆ ಸೇರಿಸಲಿಲ್ಲವೆಂಬ ಸುದ್ದಿಯನ್ನು ಅವರು ಸಂಗೀತ ಪತ್ರಿಕೆಯೊಂದರಲ್ಲಿ ಬರೆದರು. ಲೋಕವೆಲ್ಲ ನಂಬಿತು, ಎಡ್ವರ್ಡ್ ಆಲ್ಬೀ ಅದರ ಮೇಲೆ ನಾಟಕವನ್ನೇ ಬರೆದರು. 1972ರಲ್ಲಿ ಕ್ರಿಸ್ ಆಲ್ಬರ್ಟ್‌ಸನ್ ಬರೆದ ಜೀವನಚರಿತ್ರೆಯಿಂದ ತಿಳಿದುಬಂದದ್ದೇನೆಂದರೆ, ಅವರನ್ನು ನೇರವಾಗಿ ಕಪ್ಪುಜನರ ಆಸ್ಪತ್ರೆಗೇ ಒಯ್ದಿದ್ದರು. ಕೇಳಿದ ಮಾತನ್ನು ಹ್ಯಾಮಂಡ್ ಪರಾಂಬರಿಸದೆ ಬರೆದಿದ್ದರು. ಅವರ ಅಂತಃಕರಣದ ಬಗ್ಗೆ ಸಂಶಯವಿಲ್ಲ. ಆದರೆ ಆಸ್ಪತ್ರೆಯ ಅನ್ಯಾಯವನ್ನು ಕುರಿತು ಎಲ್ಲರೂ ಮರುಗಿದ ಆ ವರ್ಷಗಳಲ್ಲಿ, ದಾಖಲೆಯುಳ್ಳ ಲೆಕ್ಕದ ಪುಸ್ತಕದ ಅನ್ಯಾಯವನ್ನು ಕೇಳಿದವರು ಕಡಮೆ.

ರಾಯಲ್ಟಿ ಎಂಬ ಆಸ್ತಿ ಕೂಡ ಹೆಚ್ಚಾಗಿ ಸೇರುತ್ತಿದ್ದುದು ಹಾಡನ್ನು ರಚಿಸಿದವನಿಗೆ ಮತ್ತು ಅದರ ಪ್ರಕಾಶಕನಿಗೆ. ಹೀಗಾಗಿ ತಟ್ಟೆಯ ಚೀಟಿಯ ಮೇಲೆ ಕಂಸದೊಳಗೆ ಅಚ್ಚಾಗುವ ಆ ಒಂದೆರಡು ಹೆಸರುಗಳಿಗೆ ಹಣದ ಬೆಲೆಯಿತ್ತು. ‘ಕ್ಯಾರವಾನ್’ ಎಂಬ ಪ್ರಸಿದ್ಧ ರಚನೆಯ ಧಾಟಿಯನ್ನು ಕಟ್ಟಿದವರು ಡ್ಯೂಕ್ ಎಲಿಂಗ್ಟನ್ ತಂಡದ ಟ್ರಾಂಬೋನ್ ವಾದಕ, ಪೋರ್ಟೊ ರಿಕೊ ದ್ವೀಪದ ಹ್ವಾನ್ ಟಿಝೋಲ್. ಅದನ್ನು ಪ್ರಕಾಶಕ ಅರ್ವಿಂಗ್ ಮಿಲ್ಸ್‌ಗೆ 25 ಡಾಲರಿಗೆ ಮಾರಿದ್ದಾಗಿ ಟಿಝೋಲ್ ಹೇಳಿಕೊಂಡಿದ್ದಾರೆ. ಹಾಡು ಜನಪ್ರಿಯವಾದ ಮೇಲೆ ಕೇಳಿ ತಮ್ಮ ಪಾಲನ್ನು ಪಡೆದರು. ಚೀಟಿಯಲ್ಲಿ ಅವರ ಹೆಸರಿನೊಡನೆ ಎಲಿಂಗ್ಟನ್, ಮಿಲ್ಸ್ ಇಬ್ಬರ ಹೆಸರೂ ಸೇರಿತು. ಇದಾದ ಎರಡು ದಶಕಗಳ ಮೇಲೆ, 1959ರಲ್ಲಿ, ಮೈಲ್ಸ್ ಡೇವಿಸ್‌ರ ‘ಕೈಂಡ್ ಆಫ್ ಬ್ಲೂ’ ಮುದ್ರಿತವಾಯಿತು. ಅದರಲ್ಲಿಯ ‘ಬ್ಲೂ ಇನ್ ಗ್ರೀನ್’ ತಮ್ಮ ರಚನೆಯೆಂದು ಪಿಯಾನೊ ವಾದಕ ಬಿಲ್ ಎವಾನ್ಸ್ ಕಡೆಯವರೆಗೂ ಹೇಳುತ್ತಿದ್ದರು. ಅಚ್ಚಾದದ್ದು ಡೇವಿಸ್‌ರ ಹೆಸರು. ರಾಯಲ್ಟಿಯ ಮಾತೆತ್ತಿದಾಗ ಡೇವಿಸ್ ಒಂದು ಚೆಕ್ಕು ಬರೆದುಕೊಟ್ಟರಂತೆ. ಅದರ ಮೊತ್ತವೂ 25 ಡಾಲರು! ಕೊಡುವವರು ಬಿಳಿಯರಾಗಿರಲಿ ಕರಿಯರಾಗಿರಲಿ, ಈ ವ್ಯಾಪಾರದ ಪದ್ಧತಿ ಒಂದೇ ಆಗಿತ್ತೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ವಾದಕರು ಸುಮ್ಮನಿದ್ದರೆಂದಲ್ಲ. 1942ರ ಆಗಸ್ಟ್ 1ರಂದು ಅಮೆರಿಕದ ಸಂಗೀತಗಾರರ ಸಂಘವು ಜೇಮ್ಸ್ ಪೆಟ್ರಿಲ್ಲೋ ಅವರ ನೇತೃತ್ವದಲ್ಲಿ ಧ್ವನಿಮುದ್ರಣಕ್ಕೆ ಮುಷ್ಕರ ಹೂಡಿತು. ತಟ್ಟೆ ಮತ್ತು ರೇಡಿಯೊಗಳಿಂದ ವಾದಕರ ಹೊಟ್ಟೆಗೆ ಏಟು ಬೀಳುತ್ತಿದೆ, ಮಾರಾಟದ ಒಂದಂಶ ವಾದಕರ ನಿಧಿಗೆ ಸಲ್ಲಬೇಕೆಂಬುದು ಬೇಡಿಕೆ. ದೊಡ್ಡ ಕಂಪನಿಗಳಾದ ಕೊಲಂಬಿಯಾ, ವಿಕ್ಟರ್ ಮಣಿದದ್ದು 1944ರ ನವೆಂಬರಿನಲ್ಲಿ. ಅದೇ ಕಾಲಕ್ಕೆ ಯುದ್ಧದ ದೆಸೆಯಿಂದ ನಮ್ಮ ದೇಶದ ಅರಗೂ ಅಲ್ಲಿ ದುರ್ಲಭವಾಗಿ, ಸರಕಾರವು ಅದರ ಬಳಕೆಯನ್ನು ತೀವ್ರವಾಗಿ ಕಡಿತಗೊಳಿಸಿತ್ತು. ನ್ಯಾಯವಾದ ಆ ಮುಷ್ಕರದಿಂದ ಸಂಗೀತದ ಇತಿಹಾಸಕ್ಕೆ ಒಂದು ನಷ್ಟವೂ ಆಯಿತು. ಚಾರ್ಲಿ ಪಾರ್ಕರ್, ಡಿಝಿ ಗಿಲೆಸ್ಪಿ ಮೊದಲಾದವರು ಹಾರ್ಲೆಮ್ಮಿನ ಮಿಂಟನ್ಸ್ ಎಂಬ ಸಣ್ಣ ಸಂಗೀತಗೃಹ ಮುಂತಾದೆಡೆಗಳಲ್ಲಿ ಜಾಝ್‌ನ ವ್ಯಾಕರಣವನ್ನೇ ಬದಲಿಸುತ್ತಿದ್ದುದು ಆ ವರ್ಷಗಳಲ್ಲಿ. 1943ರಲ್ಲಿ ಅವರಿಬ್ಬರೂ ಇದ್ದ ಅರ್ಲ್ ಹೈನ್ಸ್‌ರ ತಂಡ ಒಂದೇ ಒಂದು ತಟ್ಟೆಯನ್ನೂ ಬಿಟ್ಟುಹೋಗಲಿಲ್ಲ.

ಮುಷ್ಕರದ ನಂತರ ಬಂದ ಈ ಹೊಸಬರ ತಟ್ಟೆಗಳಲ್ಲಿ ಲೆಕ್ಕದ ಪುಸ್ತಕದ ನೆರಳು ಸಂಗೀತದ ಮೇಲೆಯೇ ಬಿದ್ದಿದೆ. ಹಾಡಿನ ಧಾಟಿಗೆ ಹಕ್ಕುದಾರನುಂಟು. ಅದರಡಿಯ ಸ್ವರಮೇಳಗಳ ಸಾಲಿಗಿಲ್ಲ. ಹಳೆಯ ಹಾಡಿನ ಆ ಸಾಲನ್ನು ಇಟ್ಟುಕೊಂಡು ಮೇಲೆ ಹೊಸ ಧಾಟಿಯನ್ನು ಕಟ್ಟಿದರೆ ಯಾರಿಗೂ ಹಣ ಕೊಡಬೇಕಾದುದಿಲ್ಲ. 1945ರ ನವೆಂಬರ್ 26ರಂದು ಪಾರ್ಕರ್ ‘ಚೆರೋಕೀ’ ಎಂಬ ಹಾಡಿನ ಸಾಲಿನ ಮೇಲೆ ‘ಕೋ-ಕೋ’ವನ್ನು ನುಡಿಸಿದರು. ಮೊದಲನೆಯ ಯತ್ನದಲ್ಲಿ ಹಳೆಯ ಹಾಡಿನ ಧಾಟಿ ತಲೆಯೆತ್ತಿದೊಡನೆ ಯಾರೋ ತಡೆದು ನಿಲ್ಲಿಸುವುದನ್ನು ಇಂದಿಗೂ ಕೇಳಬಹುದು. ಕಾಸಿನ ಜಿಪುಣತನವೊಂದು ಕಲೆಯ ಹೊಸ ದಾರಿಗೆ ನೆರವಾದ ಈ ಸಂಗತಿಯಲ್ಲಿ ಸ್ವಾರಸ್ಯವಿದೆ. ಆದರೆ ಆ ದಿನ ಪಿಯಾನೊ ನುಡಿಸಿದವರು ಯಾರೆಂಬ ವಿಷಯದಲ್ಲಿ ಪಂಡಿತರು ದಶಕಗಟ್ಟಲೆ ಕಾದಾಡಿದರು. ಒಪ್ಪಂದಗಳ ಗೋಜಿನಿಂದಾಗಿ ವಾದಕರು ಸುಳ್ಳು ಹೆಸರುಗಳಲ್ಲಿ ಅಡಗಿಕೊಳ್ಳುತ್ತಿದ್ದ ಕಾಲವದು. 1953ರ ಮೇ 15ರಂದು ಟೊರಾಂಟೊ ನಗರದ ಮ್ಯಾಸಿ ಹಾಲ್‌ನಲ್ಲಿ ಪಾರ್ಕರ್ ನುಡಿಸಿದ ಅಪೂರ್ವ ಕಛೇರಿಯ ತಟ್ಟೆ ಬಂದಾಗ ಅದರ ಮೇಲೆ ಅವರ ಹೆಸರು ‘ಚಾರ್ಲಿ ಚಾನ್’ ಎಂದಿತ್ತು. ಆ ತಟ್ಟೆಯನ್ನು ಹೊರತಂದ ಸಂಸ್ಥೆ ವಾದಕರಾದ ಮಿಂಗಸ್ ಮತ್ತು ಮ್ಯಾಕ್ಸ್ ರೋಚ್ ತಾವೇ ಕಟ್ಟಿದ್ದು. ಯಜಮಾನರಿಂದ ಬಿಡಿಸಿಕೊಳ್ಳಲು ಹೊರಟವರೂ ಹೆಸರನ್ನು ಮರೆಮಾಚಬೇಕಾಯಿತು!

ಇಷ್ಟೆಲ್ಲ ಹೇಳಿದ ಮೇಲೆ ಈ ವ್ಯಾಪಾರದ ಸಜ್ಜನರನ್ನೂ ಸ್ಮರಿಸಬೇಕು. ನ್ಯೂಯಾರ್ಕಿನ 42ನೆಯ ಬೀದಿಯಲ್ಲಿ ಮಿಲ್ಟ್ ಗೇಬ್ಲರ್ ಎಂಬವರು ತಮ್ಮ ತಂದೆಯ ರೇಡಿಯೊ ಅಂಗಡಿಯನ್ನು ಜಾಝ್ ತಟ್ಟೆಗಳ ಅಂಗಡಿಯಾಗಿಸಿದರು. ದೊಡ್ಡ ಕಂಪನಿಗಳು ಮರೆತ ಹಳೆಯ ಮುದ್ರಣಗಳನ್ನು 1930ರ ದಶಕದ ನಡುವಿನಲ್ಲಿ ಮತ್ತೆ ಒತ್ತಿಸಿ ಮಾರತೊಡಗಿದಾಗ, ತಟ್ಟೆಯ ಚೀಟಿಯ ಮೇಲೆ ತಂಡದ ನಾಯಕನ ಹೆಸರಷ್ಟನ್ನೇ ಹಾಕದೆ, ಕಾರ್ನೆಟ್ ಇಂಥವರು, ಡ್ರಮ್ ಇಂಥವರು ಎಂದು ಎಲ್ಲ ವಾದಕರ ಹೆಸರುಗಳನ್ನೂ ಅಚ್ಚು ಹಾಕಿಸಿದರು. ಈ ಪದ್ಧತಿಯನ್ನು ತಂದವರಲ್ಲಿ ಅವರು ಮೊದಲಿಗರು. ಕಪ್ಪುಜನರನ್ನು ಮರಕ್ಕೆ ನೇಣು ಹಾಕುವ ಕ್ರೌರ್ಯವನ್ನು ಕುರಿತ ‘ಸ್ಟ್ರೇಂಜ್ ಫ್ರೂಟ್’ ಹಾಡನ್ನು ಮುದ್ರಿಸಲು ಬಿಲ್ಲಿ ಹಾಲಿಡೇ ಅವರ ಕಂಪನಿ ಹಿಂಜರಿದಾಗ, 1939ರ ಏಪ್ರಿಲ್‌ನಲ್ಲಿ ಧೈರ್ಯವಾಗಿ ಮುದ್ರಿಸಿದವರೂ ಈ ಗೇಬ್ಲರರೇ. ಅದೇ ವರ್ಷ ಜರ್ಮನಿಯಿಂದ ಬಂದ ವಲಸಿಗ ಆಲ್ಫ್ರೆಡ್ ಲಯನ್ ಬ್ಲೂ ನೋಟ್ ಸಂಸ್ಥೆಯನ್ನು ಆರಂಭಿಸಿದರು. ಗೆಳೆಯ ಫ್ರಾನ್ಸಿಸ್ ವೂಲ್ಫ್ ಬಂದು ಕೂಡಿಕೊಂಡರು. ಮುದ್ರಣಕ್ಕೆ ಮುಂಚಿನ ಅಭ್ಯಾಸದ ದಿನಗಳಿಗೂ ಅವರು ವಾದಕರಿಗೆ ಹಣ ಕೊಡುತ್ತಿದ್ದರೆಂಬುದನ್ನು ಆ ವಾದಕರೇ ಕೃತಜ್ಞತೆಯಿಂದ ಹೇಳಿದ್ದಾರೆ. ಪ್ಯಾರಿಸ್ಸಿನಲ್ಲಿ ಶಾರ್ಲ್ ದೆಲೋನೆ ಯಾವ ತಟ್ಟೆಯಲ್ಲಿ ಯಾರು ನುಡಿಸಿದ್ದಾರೆಂಬುದನ್ನು ಕಲೆಹಾಕಿ 1936ರಲ್ಲಿ ಒಂದು ಸೂಚೀಗ್ರಂಥವನ್ನೇ ಪ್ರಕಟಿಸಿದರು. ಶಾಸನಗಳನ್ನು ಹುಡುಕಿ ಓದಿದ ನಮ್ಮ ವಿದ್ವಾಂಸರ ಕೆಲಸಕ್ಕೆ ಸಮನಾದ ಕೆಲಸವದು.

ಇನ್ನು ನಮ್ಮ ಕಡೆಗೆ ಬರೋಣ. 1930ರ ದಶಕದಲ್ಲಿ ಅಮೆರಿಕದ ಕಪ್ಪು ವಾದಕರು ಮುಂಬಯಿಯ ತಾಜ್ ಹೋಟೆಲಿಗೆ ಬಂದು ನುಡಿಸಿದರು. ಚಿಕಾಗೋದಲ್ಲಿ ಆರ್ಮ್‌ಸ್ಟ್ರಾಂಗರೊಡನೆ ನುಡಿಸಿದ್ದ ಟೆಡ್ಡಿ ವೆದರ್ಫರ್ಡ್ ಇಲ್ಲಿಯೇ ನೆಲೆನಿಂತು, ಕಲ್ಕತ್ತೆಯಲ್ಲಿ ತಟ್ಟೆಗಳನ್ನು ಕೊಟ್ಟು, 1945ರಲ್ಲಿ ಆ ನಗರದಲ್ಲಿಯೇ ಕಾಲರಾ ತಗಲಿ ಮಡಿದರು. ಇವರಿಂದ ಜಾಝ್ ಕಲಿತವರು ಮುಖ್ಯವಾಗಿ ಗೋವೆಯವರು. ಇಗರ್ಜಿಯ ಶಾಲೆಗಳಲ್ಲಿ ಪಾಶ್ಚಾತ್ಯ ಸ್ವರಲಿಪಿಯನ್ನು ಓದಲು ಬರೆಯಲು ಕಲಿತಿದ್ದ ಅವರು ಹಗಲು ಚಿತ್ರಗೀತೆಗಳಿಗೂ ರಾತ್ರಿ ಹೋಟೆಲುಗಳಲ್ಲಿಯೂ ನುಡಿಸಿದರು. ಹಿಂದೀ ಚಿತ್ರಗೀತೆಗಳ ವಾದ್ಯಗೋಷ್ಠಿಯಲ್ಲಿ ಬಹುಪಾಲು ಅವರದೇ ಉಸಿರು. ತಟ್ಟೆಯ ಮೇಲೆ ಅವರ ಹೆಸರಿಲ್ಲ. ಹಾಡಿದವರ ಹೆಸರೇ ಇರದಿದ್ದ ಕಾಲವೂ ಒಂದಿತ್ತು. 1949ರ ‘ಮಹಲ್’ ಚಿತ್ರದ ಪ್ರಸಿದ್ಧ ಗೀತೆಯ ತಟ್ಟೆಯಲ್ಲಿ ಗಾಯಕಿಯ ಹೆಸರು ‘ಕಾಮಿನಿ’ ಎಂದಿತ್ತು. ಅದು ಚಿತ್ರದ ಪಾತ್ರದ ಹೆಸರು. ಹಾಡಿದವರು ಲತಾ ಮಂಗೇಶ್ಕರ್.

ನಮ್ಮ ಅಂಗಡಿಗೆ ಈ ವಾದಕರು ಹೊಸ ಜಾಝ್ ತಟ್ಟೆಗಳನ್ನು ಕೇಳಲು ಬರುತ್ತಿದ್ದರು, ಕೊಳ್ಳುವುದು ಅಪರೂಪ. ಗಾಜಿನ ಕೋಣೆಯಲ್ಲಿ ನಿಂತು ಒಂದೇ ಭಾಗವನ್ನು ಐದಾರು ಸಲ ಹಾಕಿಸಿ, ಸಿಗರೇಟಿನ ಪೊಟ್ಟಣದ ಮೇಲೆ ಸ್ವರಗಳನ್ನು ಗುರುತು ಹಾಕಿಕೊಂಡು ಹೋಗುವರು. ಒಮ್ಮೆ ವಯಸ್ಸಾದ ಟ್ರಂಪೆಟ್ ವಾದಕರೊಬ್ಬರು ಮೊಮ್ಮಗನೊಡನೆ ಬಂದು, ಹತ್ತು ಹನ್ನೆರಡು ವರ್ಷ ಹಿಂದಿನ ಚಿತ್ರಗೀತೆಯೊಂದರ ತಟ್ಟೆಯನ್ನು ಕೇಳಿದರು. ಎರಡು ಚರಣಗಳ ನಡುವೆ ಟ್ರಂಪೆಟ್ಟಿನ ಒಂದು ಸಣ್ಣ ತುಣುಕು ಬರುತ್ತದೆ. “ಅದು ನಾನು,” ಎಂದರು. ಹುಡುಗ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಚಿತ್ರದ ಹೆಸರು, ಗಾಯಕರು, ಸಂಗೀತ ನಿರ್ದೇಶಕರು, ಕಂಪನಿಯ ಗುರುತು, ಸಂಖ್ಯೆ—ಎಲ್ಲವೂ ಇದ್ದವು. “ನಿಮ್ಮ ಹೆಸರು ಎಲ್ಲಿ, ಅಜ್ಜಾ?” ಎಂದು ಕೇಳಿದ. ಹಿರಿಯರು ಉತ್ತರ ಹೇಳಲಿಲ್ಲ. ನನ್ನ ಲೇಖನಿಯನ್ನು ನೋಡಿ, ಕಾಗದದ ಚೀಲದ ಮೇಲೆ ಬರೆದುಕೊಡುವಿರಾ ಎಂದರು. ಅವರು ಹೇಳಿದ ಹೆಸರು, ವಾದ್ಯ, ಮುದ್ರಣದ ತಿಂಗಳುಗಳನ್ನು ದುಂಡಗೆ ಬರೆದುಕೊಟ್ಟೆ. ಮಸಿ ಆರುವವರೆಗೆ ಕಾದಿದ್ದು, ಹಣ ಕೊಟ್ಟು ಹೋದರು. ಹೀಗೆ ಬರೆದ ಚೀಲವನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದೆಂದು ಯಜಮಾನರು ಗೊಣಗಿದರು. ಅವರು ಹಿಂದಿರುಗಿಸಲು ಬರುವುದಿಲ್ಲವೆಂದು ನನಗೆ ಗೊತ್ತಿತ್ತು.

ತನ್ನ ಹೆಸರನ್ನು ತಾನೇ ಉಳಿಸಿಕೊಂಡ ಕಲಾವಿದೆಯೊಬ್ಬರನ್ನು ಇಲ್ಲಿ ನೆನೆಯದಿರಲಾರೆ. 1902ರಲ್ಲಿ ಕಲ್ಕತ್ತೆಯಲ್ಲಿ ಮೊದಲ ತಟ್ಟೆಗಳನ್ನು ಕೊಟ್ಟ ಗೌಹರ್ ಜಾನ್, ಹಾಡು ಮುಗಿಯುತ್ತಲೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಸಾರುತ್ತಿದ್ದರು. ಜರ್ಮನಿಯಲ್ಲಿ ತಟ್ಟೆ ಒತ್ತುವವರಿಗೆ ಯಾರ ಹಾಡೆಂದು ತಿಳಿಯಲೆಂದು ಆಗ ಹಾಗೊಂದು ಪದ್ಧತಿಯಿತ್ತು. ಮೈಸೂರು ಅರಮನೆಯ ಆಶ್ರಯದಲ್ಲಿದ್ದು 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ಅವರು ಕಣ್ಮುಚ್ಚಿದರು. ಅವರ ತಟ್ಟೆಗಳ ಚೀಟಿ ಸವೆದು ಹೋದರೂ ಹೆಸರು ಕೇಳಿಸುತ್ತದೆ.

ಕಾನೂನು ನಿಧಾನವಾಗಿ ಎಚ್ಚೆತ್ತಿದೆ. ನಮ್ಮ ದೇಶದ ಕೃತಿಸ್ವಾಮ್ಯ ಶಾಸನಕ್ಕೆ ಪ್ರದರ್ಶಕ ಕಲಾವಿದರ ಹಕ್ಕು ಸೇರಿದ್ದು 1994ರ ತಿದ್ದುಪಡಿಯಿಂದ. 2012ರಲ್ಲಿ ಅದು ಇನ್ನಷ್ಟು ಬಲಗೊಂಡಿತು. ಅಮೆರಿಕದಲ್ಲಿ ಸಾಮಾನ್ಯ ರೇಡಿಯೊ ಹಾಡನ್ನು ಬಿತ್ತರಿಸಿದರೆ ಇಂದಿಗೂ ಹಣ ಸಲ್ಲುವುದು ರಚಿಸಿದವರಿಗೆ ಮತ್ತು ಪ್ರಕಾಶಕರಿಗೆ, ನುಡಿಸಿದವರಿಗಿಲ್ಲ. ಅಂತರಜಾಲದ ರೇಡಿಯೊದಿಂದ ಬರುವ ಹಣದಲ್ಲಿ ಮುಖ್ಯ ಕಲಾವಿದರಿಗೆ ನೂರಕ್ಕೆ 45 ಪಾಲುಂಟು, ಹಿಂದೆ ನಿಂತ ವಾದಕರಿಗೂ ಗಾಯಕರಿಗೂ ಸೇರಿ ನೂರಕ್ಕೆ 5. ಆ ಐದನ್ನು ಹಂಚಬೇಕಾದರೂ ಯಾರು ನುಡಿಸಿದರೆಂಬುದು ಗೊತ್ತಿರಬೇಕಷ್ಟೆ. ಹೆಸರಿಲ್ಲದವನ ಪಾಲನ್ನು ಯಾರ ಕೈಯಲ್ಲಿ ಇಡುವುದು?

ಈಗ ಲೋಕದ ಸಂಗೀತವೆಲ್ಲ ಅಂಗೈಯಗಲದ ದೂರವಾಣಿಯಲ್ಲಿ ದೊರೆಯುತ್ತದೆ. ಅದರ ಪರದೆಯ ಮೇಲೆ ಎದ್ದು ಕಾಣುವುದು ಹಾಡಿನ ಹೆಸರು, ಮುಖ್ಯ ಕಲಾವಿದರ ಹೆಸರು ಇವೆರಡೇ. ಗೇಬ್ಲರರು ಒಂದು ಗೇಣಿನ ಚೀಟಿಯ ಮೇಲೆ ಕಷ್ಟಪಟ್ಟು ತುರುಕಿದ್ದ ಹೆಸರುಗಳು ಎಷ್ಟೋ ವೇಳೆ ಅಲ್ಲಿ ಕಾಣಸಿಗುವುದಿಲ್ಲ. ನಮ್ಮ ಮನೆಗಳಲ್ಲಿ ಉಳಿದಿರುವ ಕರ್ನಾಟಕ ಸಂಗೀತದ ಹಳೆಯ ತಟ್ಟೆಗಳ ಸ್ಥಿತಿಯೂ ಬಹುಮಟ್ಟಿಗೆ ಹೀಗೆಯೇ: ಹಾಡಿದವರ ಹೆಸರುಂಟು, ಪಿಟೀಲು ಯಾರದು, ಮೃದಂಗ ಯಾರದು ಎಂಬುದಿಲ್ಲ. ಅದನ್ನು ಕಿವಿಯಿಂದಲೇ ಗುರುತಿಸಬಲ್ಲ ಹಿರಿಯರು ಊರಿಗೊಬ್ಬಿಬ್ಬರಾದರೂ ಇನ್ನೂ ಇದ್ದಾರೆ. ಅಂಥವರು ಪರಿಚಯವಿದ್ದ ವಾಚಕರು ತಟ್ಟೆಯನ್ನು ಅವರಿಗೊಮ್ಮೆ ಕೇಳಿಸಿ, ಅವರು ಹೇಳುವ ಹೆಸರುಗಳನ್ನು ಕಾಗದದಲ್ಲಿ ಬರೆದು ಚೀಲದೊಳಗಿಟ್ಟರೆ, ಅದಕ್ಕೆ ಬೇಕಾಗುವುದು ಒಂದು ಸಂಜೆಯ ಬಿಡುವು ಮಾತ್ರ.